ಸಿಂದಗಿಯ ತೊಗರಿ, ನಂಪುಲಾದ ತೊಗರಿ

ಪ್ರಶ್ನೆ: ನಾನು ಸಿಂದಗಿ ತಾಲ್ಲೂಕಿನ ರೈತ. ರಾಶಿ ಮುಗಿಸಿ ಪ್ಯಾಟಿಗೆ ತೊಗರಿ ಒಯ್ದರ ಅಡತಿಯವರು ‘ಆಫ್ರಿಕಾದ ಮಾಲು ಬಂದೈತಿ, ದರ ಬಿದ್ದೈತಿ’ ಅಂತಾರ. ಅವು ಸಮಾಜವಾದಿ ದೇಶ, ಅಲ್ಲಿ ಸರ್ಕಾರವೇ ದೊಡ್ಡ ಫಾರಂ ಮಾಡಿ ಅಗ್ಗಕ್ಕೆ ಬೆಳೀತದ ಅಂತ ನನ್ನ ಮಗ ಹೇಳ್ತಾನ. ಹೌದೇನು?

ಉತ್ತರ: ಅಡತಿಯವರ ಮಾತು ಅರ್ಧ ನಿಜ. ಮಗ ಹೇಳಿದ್ದು ಒಂದು ಕಾಲಕ್ಕೆ ಇತ್ತು, ಈಗಿಲ್ಲ. ಆದರೂ ಆ ಹುಡುಗ ಕೆದಕಿದ ಸಂಗತಿ ದೊಡ್ಡದು. ಭಾರತಕ್ಕೆ ತೊಗರಿ ಕಳಿಸುವ ಮುಖ್ಯ ದೇಶಗಳು ಮೊಜಾಂಬಿಕ್, ಮ್ಯಾನ್ಮಾರ್, ಟಾಂಜಾನಿಯಾ, ಮಲಾವಿ. ಇವುಗಳಲ್ಲಿ ಮಲಾವಿ ಬಿಟ್ಟು ಉಳಿದ ಮೂರೂ ಒಂದೊಂದು ಕಾಲಕ್ಕೆ ಸಮಾಜವಾದವನ್ನು ಹೊಲಕ್ಕೆ ಇಳಿಸಿ ನೋಡಿದ ದೇಶಗಳೇ.

ಟಾಂಜಾನಿಯಾದಲ್ಲಿ ಜೂಲಿಯಸ್ ನೈರೇರೆ 1967ರ ಅರುಶಾ ಘೋಷಣೆಯ ನಂತರ ‘ಉಜಾಮಾ’ ಹಳ್ಳಿಗಳನ್ನು ಕಟ್ಟಿಸಲು ಹೊರಟರು. ಚದುರಿದ ಕುಟುಂಬಗಳು ಒಂದೆಡೆ ಸೇರಿ, ಕೂಡಿ ಉತ್ತು ಬೆಳೆಯಲಿ ಎಂಬುದು ಅವರ ಆಸೆ, ಒಳ್ಳೆಯ ಆಸೆಯೇ. ಜನ ತಾವಾಗಿ ಬಾರದಿದ್ದಾಗ, 1973ರಿಂದ ಮೂರು ವರ್ಷ ಒತ್ತಾಯದಿಂದಲೇ ಸ್ಥಳಾಂತರಿಸಿದರು. ಮನೆಯೊಂದು ದಿಕ್ಕಿಗೆ, ಹೊಲವೊಂದು ದಿಕ್ಕಿಗೆ ಆಯಿತು. ಮೊಜಾಂಬಿಕ್ 1975ರಲ್ಲಿ ಸ್ವತಂತ್ರವಾದಾಗ ಪೋರ್ಚುಗೀಸರು ಬಿಟ್ಟುಹೋದ ತೋಟಗಳನ್ನು ಅಲ್ಲಿನ ಸರ್ಕಾರ ತಾನೇ ಸಾಗುವಳಿ ಮಾಡಿತು. ಟ್ರ್ಯಾಕ್ಟರು, ಹಣ ಎಲ್ಲ ಸರ್ಕಾರಿ ಫಾರಂಗಳಿಗೆ ಹೋಯಿತು, ಸಣ್ಣ ರೈತನಿಗೆ ಗುದ್ದಲಿಯೂ ಸಿಗಲಿಲ್ಲ. ಆಳುವ ಫ್ರೆಲಿಮೋ ಪಕ್ಷ 1983ರಲ್ಲಿ ದಾರಿ ಬದಲಿಸಿ ಸಣ್ಣ ಹಿಡುವಳಿಯತ್ತ ತಿರುಗಿತು. ಅಷ್ಟರಲ್ಲಿ ಅಂತರ್ಯುದ್ಧ ಹಳ್ಳಿಗಳನ್ನು ಸುಡುತ್ತಿತ್ತು.

ಬರ್ಮಾದ, ಅಂದರೆ ಈಗಿನ ಮ್ಯಾನ್ಮಾರ್‌ನ, ಕಥೆ ನನಗೆ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. 1962ರ ಸೈನಿಕ ಕ್ರಾಂತಿಯ ನಂತರ ಅಲ್ಲಿ ಸರ್ಕಾರ ತಾನು ಕಟ್ಟಿದ ದರಕ್ಕೆ ಬೆಳೆಯನ್ನು ಕಡ್ಡಾಯವಾಗಿ ಕೊಳ್ಳುತ್ತಿತ್ತು. 1988ರ ಹೊತ್ತಿಗೆ ಬೇಳೆಕಾಳುಗಳ ವ್ಯಾಪಾರವನ್ನು ಬಿಟ್ಟುಕೊಟ್ಟರು, ಭತ್ತದ ಮೇಲಿನ ಹಿಡಿತವನ್ನು ಮಾತ್ರ 2003ರವರೆಗೂ ಸಡಿಲಿಸಲಿಲ್ಲ. ಫಲವೇನಾಯಿತು? ಸರ್ಕಾರ ಮುದ್ದು ಮಾಡಿದ ಭತ್ತ ಸೊರಗಿತು, ಕೈಬಿಟ್ಟ ಉದ್ದು, ಹೆಸರು, ತೊಗರಿ ಹಬ್ಬಿದವು. ಆ ಕಾಳಿಗೆ ಗಿರಾಕಿ ನಾವೇ.

ಹಾಗಾಗಿ ನಿಮ್ಮ ದರ ಬೀಳಿಸಿದೆ ಎನ್ನುವ ಆ ತೊಗರಿಯನ್ನು ಯಾವ ಸರ್ಕಾರಿ ಫಾರಮ್ಮೂ ಬೆಳೆದದ್ದಲ್ಲ. ಮೊಜಾಂಬಿಕ್‌ನ ಜಾಂಬೆಜಿಯಾ, ನಂಪುಲಾ ಪ್ರಾಂತ್ಯಗಳಲ್ಲಿ ಎರಡು-ಮೂರು ಎಕರೆಯವರು ಗೋವಿನಜೋಳದ ಜೊತೆ, ನಮ್ಮ ಅಕ್ಕಡಿ ಹಾಕಿದಂತೆ, ತೊಗರಿ ಹಾಕುತ್ತಾರೆ. ಎತ್ತು ಕಡಿಮೆ, ಗುದ್ದಲಿಯೇ ಗಳೇವು. ನೀರಾವರಿ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲೂ ಆಲಮಟ್ಟಿ, ನಾರಾಯಣಪುರದ ಕಾಲುವೆಗಳು ಬಂದ ಮೇಲೂ ತೊಗರಿ ಬಹುಪಾಲು ಮಳೆಯನ್ನೇ ನಂಬಿದೆಯಲ್ಲವೇ? ಅವರೂ ಹಾಗೆಯೇ. ದೊಡ್ಡ ವ್ಯತ್ಯಾಸ ಒಂದು: ನಮಗೆ ಬೇಳೆಯಿಲ್ಲದೆ ಊಟವಿಲ್ಲ, ಅಲ್ಲಿ ತೊಗರಿ ತಿನ್ನುವವರು ಕಡಿಮೆ. ನಾವು ಕೊಳ್ಳದಿದ್ದರೆ ಅದು ಮನೆಯಲ್ಲೇ ಬಿತ್ತು.

2015ರಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಎರಡು ವರ್ಷದ ಬರ, ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಹತ್ತಿರ. ದಿಲ್ಲಿ ಗಾಬರಿಯಾಯಿತು. 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದ: ಆ ವರ್ಷ 1 ಲಕ್ಷ ಟನ್ ಬೇಳೆಕಾಳು, 2020-21ರ ಹೊತ್ತಿಗೆ 2 ಲಕ್ಷ ಟನ್. ಅತ್ತ ಅವರು ಭಾರತವನ್ನು ನಂಬಿ ಬಿತ್ತಿದರು. ಇತ್ತ ನೀವೂ ದರ ನೋಡಿ ಬಿತ್ತಿದಿರಿ, ಮಳೆಯೂ ಕೈಹಿಡಿಯಿತು. ದೇಶದ ಉತ್ಪನ್ನ ಸುಮಾರು 25 ಲಕ್ಷ ಟನ್‌ನಿಂದ ಒಂದೇ ವರ್ಷಕ್ಕೆ 48 ಲಕ್ಷ ಟನ್ ದಾಟಿತು. ಬೆಂಬಲ ಬೆಲೆ ಕ್ವಿಂಟಾಲಿಗೆ 5,050 ಇದ್ದಾಗ ಪೇಟೆ ದರ ಅದಕ್ಕಿಂತ ಕೆಳಗಿಳಿಯಿತು. ಖರೀದಿ ಕೇಂದ್ರಗಳ ಮುಂದೆ ಚೀಲ ಇಟ್ಟುಕೊಂಡು ರಾತ್ರಿ ಕಾದವರಿಗೆ ಇದನ್ನು ನಾನು ಹೇಳಬೇಕಿಲ್ಲ.

ಆಮೇಲೆ 2017ರ ಆಗಸ್ಟ್‌ನಲ್ಲಿ ದಿಲ್ಲಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ನಿಮ್ಮ ತೊಗರಿ ಆಗಲೇ ಮಾರಿ ಹೋಗಿತ್ತು, ನಿಮಗೆ ಲಾಭವಾಗಲಿಲ್ಲ. ಆದರೆ ಆಗಸ್ಟ್ ಎಂದರೆ ನಂಪುಲಾದವರ ರಾಶಿಯ ಕಾಲ. ಒಂದು ಅಧಿಸೂಚನೆಗೆ ಅವರ ದರ ನೆಲ ಕಚ್ಚಿತು, ಟಾಂಜಾನಿಯಾದವರದೂ ಅದೇ ಪಾಡು. ಸರ್ಕಾರಿ ಫಾರಂಗಳಿಂದ ಬಿಡುಗಡೆಯಾದ ರೈತ, ಸಾವಿರಾರು ಮೈಲಿ ದೂರದ ಇನ್ನೊಂದು ಸರ್ಕಾರದ ಕಾಗದಕ್ಕೆ ಸಿಕ್ಕಿಕೊಂಡ.

ಈಗ ನಮ್ಮ ಕಡೆ ನೋಡಿ. 2021ರ ಮೇನಲ್ಲಿ ಆಮದು ಮತ್ತೆ ಮುಕ್ತವಾಯಿತು. ಸುಂಕವಿಲ್ಲದ ಆಮದನ್ನು 2025ರ ಮಾರ್ಚ್‌ವರೆಗೆ ವಿಸ್ತರಿಸಿದ್ದು 2023ರ ಡಿಸೆಂಬರ್ ಕೊನೆಗೆ. 2026ರ ಮಾರ್ಚ್‌ವರೆಗೆ ವಿಸ್ತರಿಸಿದ್ದು 2025ರ ಜನವರಿಯಲ್ಲಿ. ಡಿಸೆಂಬರ್, ಜನವರಿ! ಮುದ್ದೇಬಿಹಾಳದಿಂದ ಇಂಡಿಯವರೆಗೆ ಪ್ರತಿ ಕಣದಲ್ಲೂ ರಾಶಿ ಬಿದ್ದಿರುವ ತಿಂಗಳು. ಇದರ ಜೊತೆಗೆ 2023ರ ಡಿಸೆಂಬರ್‌ನಲ್ಲಿ ಕೆನಡಾ, ರಷ್ಯಾಗಳ ಹಳದಿ ಬಟಾಣಿಗೂ ಬಾಗಿಲು ತೆರೆಯಿತು. ಅಗ್ಗದ ಬಟಾಣಿ ಬೇಳೆ ಬಂದರೆ ತೊಗರಿಯ ದರವೂ ಜಗ್ಗುತ್ತದೆ.

ತೊಗರಿ ತರಿಸಲೇಬಾರದು ಎಂದು ನಾನು ಹೇಳಲಾರೆ. ದಿನಗೂಲಿಯ ಮನೆಯಲ್ಲಿ 200 ರೂಪಾಯಿಯ ಬೇಳೆ ಕುದಿಯುವುದಿಲ್ಲ, ನಿಮ್ಮ ಹೊಲಕ್ಕೆ ಕೆಲಸಕ್ಕೆ ಬರುವವರೂ ಬೇಳೆ ಕೊಂಡೇ ತಿನ್ನುವವರು. ನನ್ನ ಸಿಟ್ಟು ಹೊತ್ತಿನ ಬಗ್ಗೆ. ಎಷ್ಟು ಟನ್ ತರುತ್ತೇವೆ, ಯಾವ ದರಕ್ಕಿಂತ ಕೆಳಗೆ ಬಿದ್ದರೆ ನಿಲ್ಲಿಸುತ್ತೇವೆ ಎಂಬುದನ್ನು ದಿಲ್ಲಿ ರೋಹಿಣಿ ಮಳೆಗೆ ಮುಂಚೆ ಹೇಳಲಿ. ಆಗ ಇದ್ದ ಹೊಲಕ್ಕೆಲ್ಲ ತೊಗರಿಯೇ ಹಾಕಬೇಕೋ, ಅರ್ಧ ಯರಿಯನ್ನು ಹಿಂಗಾರಿ ಬಿಳಿಜೋಳಕ್ಕೆ, ಕಡಲೆಗೆ ಉಳಿಸಬೇಕೋ ಎಂದು ನೀವು ಮನೆಯಲ್ಲಿ ಕೂತು ಯೋಚಿಸಬಹುದು. ನಂಪುಲಾದವರು ಬಿತ್ತುವುದು ನವೆಂಬರ್ ಮೇಲೆ. ಅವರಿಗೂ ಅರ್ಧ ವರ್ಷದ ಮುನ್ಸೂಚನೆ ಸಿಗುತ್ತದೆ. ನಿಮ್ಮ ಸಂಸದರು ಊರಿಗೆ ಬಂದಾಗ ಕೇಳಬೇಕಾದ್ದು ಇದನ್ನೇ: ಆದೇಶದ ತಾರೀಕು.

ಮಗನಿಗೂ ಒಂದು ಕೆಲಸ ಹೇಳಿ. 2024-25ರಲ್ಲಿ ಬೆಂಬಲ ಬೆಲೆ 7,550, ರಾಜ್ಯದ 450 ಸೇರಿ ಕ್ವಿಂಟಾಲಿಗೆ 8,000 ಸಿಕ್ಕಿತು. ಆದರೆ ಮೊದಲೇ ಹೆಸರು ನೋಂದಾಯಿಸಿದವರಿಗೆ ಮಾತ್ರ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ‘ತೊಗರಿ’ ಎಂದೇ ದಾಖಲಾಗಿದೆಯೇ ಎಂದು ರಾಶಿಗೆ ಮುಂಚೆಯೇ ಫೋನಿನಲ್ಲಿ ನೋಡಲಿ. ಅಲ್ಲಿ ತಪ್ಪಿದ್ದರೆ ಖರೀದಿ ಕೇಂದ್ರದ ಬಾಗಿಲಲ್ಲಿ ತಿದ್ದಿಸುವುದು ಕಷ್ಟ.