ಅರ ಕೆಳಗಿಡು, ಕ್ಯಾಲಿಪರ್ ಎತ್ತಿಕೋ

ಟೆಕ್ಸಾಸಿನಲ್ಲಿರುವ ಚಿರಂಜೀವಿಗೆ ಹರಿಹರದಿಂದ ದೊಡ್ಡಪ್ಪನ ಆಶೀರ್ವಾದ.

ಮನೆಯಲ್ಲೇ ತೋಟಾ ತುಂಬುವ ಹವ್ಯಾಸ ಹತ್ತಿದೆ, ಆ 9 ಎಂ.ಎಂ. ತೋಟಾಗಳು ಪಿಸ್ತೂಲಿನ ಚೇಂಬರಿಗೆ ಪೂರ್ತಿ ಹೋಗದೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತವೆ, ಬ್ಯಾರಲ್ ಬಾಯಿಗೆ ಸ್ವಲ್ಪ ಅರ ಹಾಕಲೇ ಎಂದು ಕೇಳಿದ್ದೀ. ಬೇಡ. ದೊಡ್ಡಪ್ಪ ಪಿಸ್ತೂಲು ಹಿಡಿದವನಲ್ಲ, ನಿಜ. ಆದರೆ 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಕಟ್ಟಿದವನು. ಕಾರ್ಖಾನೆ ಮುಚ್ಚಿತು, ಅಲ್ಲಿ ಕಲಿತ ಅಭ್ಯಾಸ ಹೋಗಿಲ್ಲ: ಜಾಬು ಕೂರದಿದ್ದರೆ ಮೊದಲು ಅಳತೆ, ಆಮೇಲೆ ಉಳಿದದ್ದು. ಅರ ಹಾಕಿ ತೆಗೆದ ಲೋಹ ಮತ್ತೆ ಬರುವುದಿಲ್ಲ.

ನಿನ್ನ ಹತ್ತಿರ ಒಳ್ಳೆಯ ಗೇಜು ಆಗಲೇ ಇದೆ, ಅದು ಬ್ಯಾರಲ್ಲೇ. ಮ್ಯಾಗಜೀನ್ ತೆಗೆ, ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡು, ಬಳಿಕ ಬ್ಯಾರಲ್ ಬಿಚ್ಚು. ಚೇಂಬರಿನ ಬಾಯಿ ಮೇಲೆ ಮಾಡಿ ಒಂದು ತೋಟಾ ಬಿಡು. ಸರಿಯಿದ್ದರೆ ಠಣ್ ಎಂದು ಕೂರುತ್ತದೆ, ಬೆರಳಲ್ಲಿ ತಿರುಗಿಸಿದರೆ ತಿರುಗುತ್ತದೆ, ಬ್ಯಾರಲ್ ಬೋರಲು ಹಾಕಿದರೆ ತಾನೇ ಬೀಳುತ್ತದೆ. ಕೂರದ ತೋಟಾಕ್ಕೆ ಮಾರ್ಕರ್ ಪೆನ್ನಿನ ಕಪ್ಪು ಬಳಿದು ಮತ್ತೆ ಹಾಕು. ನಮ್ಮ ಶಾಪಿನಲ್ಲಿ ನೀಲಿ ಹಚ್ಚಿ ಎಲ್ಲಿ ತಾಗುತ್ತದೆಂದು ನೋಡುತ್ತಿದ್ದೆವಲ್ಲ, ಅದೇ ಲೆಕ್ಕ. ಬುಲೆಟ್ಟಿನ ಮೇಲಿನ ಕಪ್ಪು ಕೆರೆದಿದ್ದರೆ ತೋಟಾ ಉದ್ದವಾಗಿ ಬುಲೆಟ್ ಬ್ಯಾರಲಿನ ಗೀರುಗಳಿಗೆ ತಾಗುತ್ತಿದೆ. ಕೇಸಿನ ಬಾಯಲ್ಲಿ ಕೆರೆದಿದ್ದರೆ, ಬುಲೆಟ್ ಕೂರಿಸಲೆಂದು ಅಗಲಿಸಿದ ಬಾಯಿ ಮತ್ತೆ ಮುಚ್ಚಿಲ್ಲ. ಬುಡದಲ್ಲಿ ಕೆರೆದಿದ್ದರೆ ಸೈಜಿಂಗ್ ಡೈ ಸಾಕಷ್ಟು ಕೆಳಗೆ ಇಳಿದಿಲ್ಲ.

ಈಗ ಅಂಕಿ. ಈ ತೋಟಾದ ಒಟ್ಟು ಉದ್ದ 29.69 ಮಿ.ಮೀ. ದಾಟಬಾರದು, ಕೇಸಿನ ಬಾಯಿ ಹೊರವ್ಯಾಸ 9.65 ಮಿ.ಮೀ. ಮೀರಬಾರದು. ಈ ತೋಟಾ ಚೇಂಬರಿನಲ್ಲಿ ನಿಲ್ಲುವುದು ಕೇಸಿನ ಬಾಯಂಚಿನ ಮೇಲೆ. ಅದಕ್ಕೇ ಟೇಪರ್ ಕ್ರಿಂಪ್ ಹಾಕುತ್ತಾರೆ, ಬಾಯಿ ಒಳಗೆ ಸುರುಳಿಸುವ ರೋಲ್ ಕ್ರಿಂಪ್ ಅಲ್ಲ. 29.69 ಎಂಬುದು ಮೇಲಿನ ಮಿತಿ, ನೀನು ಹಿಡಿಯಬೇಕಾದ ಗುರಿಯಲ್ಲ. ಬುಲೆಟ್ಟಿನ ಮೂತಿ ದುಂಡಗೋ ಚಪ್ಪಟೆಯೋ ಎಂಬುದರ ಮೇಲೆ ಉದ್ದ ಬದಲಾಗುತ್ತದೆ, ಆ ಬುಲೆಟ್ಟಿಗೆ ಮ್ಯಾನ್ಯುಅಲ್ ಕೊಟ್ಟ ಅಳತೆಯೇ ಸರಿ. ಹಾಗೆಂದು ಮನಸ್ಸಿಗೆ ಬಂದಷ್ಟು ಗಿಡ್ಡ ಮಾಡಬೇಡ. ಬುಲೆಟ್ ಒಳಗೆ ಇಳಿದಷ್ಟೂ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಸರ್ರನೆ ಏರುತ್ತದೆ.

ಎಲ್ಲ ತೋಟಾ ಠಣ್ ಎಂದು ಕೂತರೂ ಪಿಸ್ತೂಲು ನುಂಗುತ್ತಿಲ್ಲವೇ? ಪ್ರತಿ ಮ್ಯಾಗಜೀನಿಗೂ ಒಂದು ನಂಬರು ಬರೆ. ಒಂದೇ ನಂಬರು ತಕರಾರು ಮಾಡಿದರೆ ಅದರ ಸ್ಪ್ರಿಂಗೋ ತುಟಿಯೋ ಕೆಟ್ಟಿದೆ. ಕಂಪನಿ ತೋಟಾ ಹಾಕಿ ನೋಡು. ಅದೂ ಸಿಕ್ಕಿದರೆ ನೀನು ತುಂಬಿದ್ದರದು ತಪ್ಪಲ್ಲ, ಕೊಳೆಯೋ ಪಿಸ್ತೂಲೋ ನಿನ್ನ ಸಡಿಲ ಮಣಿಕಟ್ಟೋ ಕಾರಣ. ಮದ್ದು ಕಡಿಮೆಯಾದರೆ ಸ್ಲೈಡ್ ಪೂರ್ತಿ ಹಿಂದೆ ಬರದೆ ಖಾಲಿ ಕೇಸು ಕಿಂಡಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸು. ಉದ್ದ, ಕ್ರಿಂಪ್, ಮದ್ದು ಮೂರನ್ನೂ ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಸರಿಹೋಯಿತೆಂದೇ ತಿಳಿಯುವುದಿಲ್ಲ.

ಹೊಡೆದಾಗ ಸದ್ದು ಪುಸ್ಸೆಂದರೆ ಅಲ್ಲೇ ನಿಲ್ಲಿಸು. ಬುಲೆಟ್ ಬ್ಯಾರಲಿನಲ್ಲೇ ಉಳಿದಿರಬಹುದು, ಹಿಂದೆಯೇ ಇನ್ನೊಂದು ಹೊಡೆದರೆ ಬ್ಯಾರಲ್ ಸಿಡಿಯಬಹುದು.

ದಾವಣಗೆರೆಯಲ್ಲಿರುವ ನಿನ್ನ ಗೆಳೆಯರಿಗೆ ಈ ಹುಚ್ಚು ಹತ್ತಿಸಬೇಡ. ನಿನ್ನ ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಕಿಲ್ಲ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡು ತಯಾರಿಸುವ ಯಂತ್ರವನ್ನೂ ಮದ್ದುಗುಂಡೆಂದೇ ಎಣಿಸುತ್ತದೆ. ಪರವಾನಗಿಯಿಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಜೈಲು. ಯುಗಾದಿಗೆ ಬರುವಾಗ ಶೂಟಿಂಗ್ ರೇಂಜಿಗೆ ಒಯ್ಯುವ ಬ್ಯಾಗನ್ನು ಪ್ರಯಾಣಕ್ಕೆ ತರಬೇಡ. ಮೂಲೆಯಲ್ಲಿ ಒಂದು ಸಜೀವ ಗುಂಡು ಸಿಕ್ಕರೂ ಬೆಂಗಳೂರು ವಿಮಾನ ನಿಲ್ದಾಣದಿಂದ ನೇರ ಠಾಣೆಗೆ ಹೋಗಬೇಕಾದೀತು, ವಕೀಲರನ್ನು ಹುಡುಕುವ ಕೆಲಸ ಮತ್ತೆ ನಿನ್ನಪ್ಪನ ತಲೆಗೇ.