ಹುಲ್ಲು ಹೋಯಿತು, ಮಣ್ಣು ಹಾರಿತು: ಸಿಮರಾನ್ ಕೌಂಟಿಯ ಪರಿಚಯ


ಅಮೆರಿಕ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಮುಗಿಲು ಮುಟ್ಟುವ ಕಟ್ಟಡಗಳು, ಅಲ್ವಾ? ಆದರೆ ಅಲ್ಲಿಯೂ ಹಳ್ಳಿಗಳಿವೆ, ಒಣಭೂಮಿ ಇದೆ, ಮಳೆಗಾಗಿ ಕಾಯುವ ರೈತರಿದ್ದಾರೆ. ಅಂಥ ಒಂದು ಸೀಮೆ ಓಕ್ಲಹೋಮ ರಾಜ್ಯದ ಸಿಮರಾನ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ ರಾಜ್ಯದ ಒಂದು ಆಡಳಿತ ವಿಭಾಗ.

ಎಲ್ಲಿದೆ?
ಓಕ್ಲಹೋಮದ ನಕಾಶೆ ನೋಡಿ. ಉದ್ದ ಹಿಡಿ ಇರುವ ಬಾಣಲೆಯಂತೆ ಕಾಣುತ್ತದೆ. ಆ ಹಿಡಿಯ ಪಶ್ಚಿಮದ ತುದಿಯೇ ಸಿಮರಾನ್. ಟೆಕ್ಸಾಸ್, ನ್ಯೂ ಮೆಕ್ಸಿಕೊ, ಕೊಲರಾಡೊ, ಕ್ಯಾನ್ಸಸ್ ಎಂಬ ನಾಲ್ಕು ಬೇರೆ ರಾಜ್ಯಗಳು ಇದಕ್ಕೆ ತಾಗಿವೆ. ಅಮೆರಿಕದ ಇನ್ಯಾವ ಕೌಂಟಿಗೂ ಹೀಗಿಲ್ಲ! ವಿಸ್ತೀರ್ಣ ಸುಮಾರು 1,840 ಚದರ ಮೈಲಿ. ರಾಜ್ಯದ ಅತಿ ಎತ್ತರದ ಜಾಗ ಬ್ಲ್ಯಾಕ್ ಮೆಸಾ (4,973 ಅಡಿ) ಇಲ್ಲೇ ಇದೆ. ಮುಖ್ಯ ಊರು ಬಾಯ್ಸ್ ಸಿಟಿ. ಮಳೆ ಕಡಿಮೆ, ಗಾಳಿ ಬಹಳ.

ಇತಿಹಾಸ
1850ರಿಂದ 1890ರವರೆಗೆ ಈ ಪಟ್ಟಿ ಯಾವ ರಾಜ್ಯಕ್ಕೂ ಸೇರಿರಲಿಲ್ಲ. ಜನ ಇದನ್ನು 'ಯಾರದೂ ಅಲ್ಲದ ನೆಲ' ಎಂದು ಕರೆಯುತ್ತಿದ್ದರು. 1907ರಲ್ಲಿ ಓಕ್ಲಹೋಮ ರಾಜ್ಯವಾದಾಗ ಸಿಮರಾನ್ ಕೌಂಟಿಯೂ ಆಯಿತು.

ಇಲ್ಲಿನ ನೆಲದ ತುಂಬ ಗಿಡ್ಡ ಹುಲ್ಲು ಇತ್ತು. ಅದರ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದಿತ್ತು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಒಳ್ಳೇ ಬೆಲೆ ಬಂತು. ಆಮೇಲೆ ಟ್ರ್ಯಾಕ್ಟರುಗಳೂ ಬಂದವು. ರೈತರು ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಿದರು. 1930ರ ನಂತರ ಗೋಧಿಯ ಬೆಲೆ ಬಿತ್ತು, ಮಳೆಯೂ ಕೈಕೊಟ್ಟಿತು. ಹೊಲದಲ್ಲಿ ಪೈರಿಲ್ಲ, ಹುಲ್ಲೂ ಇಲ್ಲ. ಹಿಡಿಯುವ ಬೇರಿಲ್ಲದ ಮಣ್ಣು ಗಾಳಿಗೆ ಎದ್ದಿತು.

1935ರ ಏಪ್ರಿಲ್ 14, ಭಾನುವಾರ. ಕಪ್ಪು ಗೋಡೆಯಂಥ ಧೂಳು ನುಗ್ಗಿ ಹಗಲೇ ಕತ್ತಲಾಯಿತು. ಜನ ಆ ದಿನವನ್ನು 'ಕಪ್ಪು ಭಾನುವಾರ' ಎಂದು ಕರೆದರು. ಮರುವರ್ಷ ಆರ್ಥರ್ ರಾತ್‌ಸ್ಟೈನ್ ಎಂಬುವರು ಇಲ್ಲಿ ತೆಗೆದ ಫೋಟೋ ಜಗತ್ಪ್ರಸಿದ್ಧ. ಧೂಳಿನಲ್ಲಿ ತಂದೆ ಮುಂದೆ ಹೋಗುತ್ತಿದ್ದಾನೆ, ಜೊತೆಗೆ ಇಬ್ಬರು ಮಕ್ಕಳು. ಹಿಂದುಳಿದ ಚಿಕ್ಕವನು ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಾನೆ. ಅವನು ನಮಗಿಂತಲೂ ಚಿಕ್ಕವನು.

ಜನಸಂಖ್ಯೆ
1920 – 3,436
1930 – 5,408
1940 – 3,654
2020 – 2,296

ಲೆಕ್ಕ ನೋಡಿದಿರಾ? ಗೋಧಿ ಬಂದಾಗ ಜನ ಬಂದರು, ಮಣ್ಣು ಹೋದಾಗ ಜನರೂ ಹೋದರು. ಹತ್ತೇ ವರ್ಷದಲ್ಲಿ ಮೂವರಲ್ಲಿ ಒಬ್ಬರಷ್ಟು ಕಡಿಮೆ! ಈಗ ಒಂದು ಚದರ ಮೈಲಿಗೆ ಸುಮಾರು ಒಂದೂಕಾಲು ಜನ ಅಷ್ಟೇ.

ಆಮೇಲೆ ಏನಾಯಿತು?
1935ರಲ್ಲೇ ಸರ್ಕಾರ ಮಣ್ಣು ಉಳಿಸಲು ಒಂದು ಇಲಾಖೆ ತೆರೆಯಿತು. ಇಳಿಜಾರಿಗೆ ಅಡ್ಡವಾಗಿ ಉಳುವುದು, ಗಾಳಿ ತಡೆಯಲು ಮರದ ಸಾಲು ನೆಡುವುದು, ಮತ್ತೆ ಹುಲ್ಲು ಬೆಳೆಸುವುದು ಶುರುವಾಯಿತು. ಹಾಳಾದ ಹೊಲಗಳನ್ನು ಸರ್ಕಾರವೇ ಕೊಂಡಿತು. ಹಾಗೆ ಉಳಿದ ರೀಟಾ ಬ್ಲಾಂಕಾ ಹುಲ್ಲುಗಾವಲಿನ ಒಂದು ಭಾಗ ಇದೇ ಕೌಂಟಿಯಲ್ಲಿದೆ. ಮಣ್ಣು ಕಳೆಯಲು ಕೆಲವೇ ವರ್ಷ ಸಾಕಾಯಿತು. ಹೋದ ಜನ ಮಾತ್ರ ಇವತ್ತಿಗೂ ತಿರುಗಿ ಬಂದಿಲ್ಲ.

ಮಾಡಿ ನೋಡಿ: ಬೇರು ಸಹಿತ ಹುಲ್ಲಿನ ಒಂದು ಹೆಂಟೆ, ಒಂದು ಹಿಡಿ ಒಣ ಪುಡಿಮಣ್ಣು ತನ್ನಿ. ಎರಡನ್ನೂ ಜೋರಾಗಿ ಊದಿ. ಯಾವುದು ಹಾರುತ್ತೆ? ಯಾಕೆ?