ಬೇಲಿ ಸವರುವವರು ಯಾರು?

ನಮ್ಮ ಹೊಲಕ್ಕೂ ಪಕ್ಕದ ದೊಡ್ಡಪ್ಪನ ಹೊಲಕ್ಕೂ ನಡುವೆ ಗೊಬ್ಬರದ ಗಿಡದ ಬೇಲಿ ಇದೆ. ಹೋದ ವರ್ಷ ಅದು ನಮ್ಮ ಕಡೆ ಬಾಗಿ, ನೆರಳಿಗೆ ಎರಡು ಸಾಲು ರಾಗಿ ಸರಿಯಾಗಿ ತೆನೆ ಕಟ್ಟಲಿಲ್ಲ. “ನೆಟ್ಟವರು ಸವರಲಿ” ಅಂದರು ನಮ್ಮಪ್ಪ. “ತೊಂದರೆ ಆದವರು ಸವರಿಕೊಳ್ಳಲಿ” ಅಂದರು ದೊಡ್ಡಪ್ಪ. ಮಾತೇ ನಿಂತುಹೋಯಿತು. ಯುಗಾದಿಗೆ ಒಬ್ಬಟ್ಟೂ ಬೇಲಿ ದಾಟಲಿಲ್ಲ.

ನಾನು ಮೇಷ್ಟ್ರನ್ನು ಕೇಳಿ ತಿಳಿದುಕೊಂಡದ್ದು ಇಷ್ಟು:

1. ಗಿಡದ ಬುಡ ಯಾರ ನೆಲದಲ್ಲಿದೆಯೋ ಗಿಡ ಅವರದು. ಸವರುವ ಹೊಣೆಯೂ ಮೊದಲು ಅವರದೇ.

2. ನಮ್ಮ ಕಡೆ ಚಾಚಿದ ರೆಂಬೆಯನ್ನು ಗಡಿಯವರೆಗೆ ಮಾತ್ರ ನಾವು ಕಡಿಯಬಹುದು. ಮೊದಲು ತಿಳಿಸುವುದು ಒಳ್ಳೆಯದು. ಆಚೆಗೆ ಮಚ್ಚು ಹೋಗಬಾರದು.

3. ಬುಡ ಗಡಿಯ ಮೇಲೆಯೇ ಇದ್ದರೆ ಇಬ್ಬರೂ ಸೇರಿ ಸವರಬೇಕು.

4. ಗಡಿಕಲ್ಲು ಕಾಣುವಂತಿರಬೇಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಗಡಿ ಗುರುತು ಕಾಪಾಡುವುದು ಜಮೀನುದಾರನ ಹೊಣೆ.

ಹಾಗಾದರೆ ನಮ್ಮ ಬೇಲಿಯ ಬುಡ ಯಾರ ಕಡೆ? ಭಾನುವಾರ ನಾನೂ ದೊಡ್ಡಪ್ಪನ ಮಗನೂ ಲಂಟಾನ ಸರಿಸಿ ಎರಡು ತುದಿಯ ಕಲ್ಲುಗಳನ್ನೂ ಹುಡುಕಿದೆವು. ಕಲ್ಲಿಂದ ಕಲ್ಲಿಗೆ ಹಗ್ಗ ಎಳೆದು ಕಟ್ಟಿದೆವು. ಬುಡಗಳೆಲ್ಲ ಹಗ್ಗದ ಕೆಳಗೇ ಇದ್ದವು!

ಇಬ್ಬರು ಹಿರಿಯರೂ ಬಂದು ನೋಡಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ, “ಮಚ್ಚು ತಗೊಂಡು ಬಾರಪ್ಪ” ಅಂದರು. ಇಬ್ಬರೂ ಎದೆಮಟ್ಟಕ್ಕೆ ಸವರಿದರು. ಸೊಪ್ಪನ್ನು ಸಮಪಾಲು ಮಾಡಿದರು: ಅವರ ಪಾಲು ಮೇಕೆಗೆ, ನಮ್ಮದು ತಿಪ್ಪೆಗೆ.

ಜಗಳ ಆಡುವ ಮೊದಲು ಕಲ್ಲು ಹುಡುಕಿ, ಹಗ್ಗ ಕಟ್ಟಿ ನೋಡಿ. ನಿಮ್ಮ ಬೇಲಿಯ ಬುಡ ಎಲ್ಲಿದೆ?